ಉದ್ದ ಗಂಟೆ ಹೊಡೆದವಳು

ಡೋರ್ಲಂಡ್ಸ್ ಕಾರ್ನರ್, ನ್ಯೂಜೆರ್ಸಿ
9 ಮಾರ್ಚ್ 1975

ಪ್ರಿಯ ಲೆಟ್ಟಿ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಹೊಗೆಮೀನಿನ ಡಬ್ಬಕ್ಕೆ ಈಗ ವಂದನೆ ಹೇಳುತ್ತಿದ್ದೇನೆ. ತಡವಾಯಿತು. ನಿನ್ನ ಅಕ್ಕ ಇದ್ದಿದ್ದರೆ ಹೊಸ ವರ್ಷದೊಳಗೆ ಪತ್ರ ಬರೆಸುತ್ತಿದ್ದಳು. ಆಲ್ಮಾ ಹೋದ ಮೇಲೆ ಈ ಮನೆಯಲ್ಲಿ ಯಾವ ಕೆಲಸಕ್ಕೂ ವಾಯಿದೆ ಎಂಬುದಿಲ್ಲ. ಬೀಜದ ಆಲೂಗಡ್ಡೆ ಬಂದು ಕೊಟ್ಟಿಗೆಯಲ್ಲಿ ಕೂತಿದೆ. ಹೊಲ ಇನ್ನೂ ಕೆಸರು. ಮಂಡಿನೋವು ಮೊದಲಿನ ಹಾಗೆಯೇ.

ಕಾಲೇಜಿನಲ್ಲಿ ನಾನು ಕಲಿತ ಎರಡು ವರ್ಷ ನಮಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಪ್ರೊಫೆಸರು ಒಂದು ಮಾತು ಹೇಳಿದ್ದರು. ಪತ್ರದಲ್ಲಿ ಮುಖ್ಯ ವಿಷಯ ಮೊದಲ ಪ್ಯಾರಾದಲ್ಲಿ ಬರಬೇಕು ಎಂದೋ, ಕೊನೆಯ ಪ್ಯಾರಾದಲ್ಲಿ ಬರಬೇಕು ಎಂದೋ. ಯಾವುದು ಎಂದು ಮರೆತಿದೆ. ಅದಕ್ಕೇ ನಡುವೆ ಹೇಳಿಬಿಡುತ್ತೇನೆ.

ಟೀವಿಯವರು ಬಂದಿದ್ದರು. ಮೂವತ್ತೆಂಟರ ಆ ರೇಡಿಯೋ ನಾಟಕವಿತ್ತಲ್ಲ, ಮಂಗಳ ಗ್ರಹದವರು ಬಂದು ನಮ್ಮ ಪಕ್ಕದೂರಿನ ಹೊಲದಲ್ಲಿ ಇಳಿದರು ಎಂದು ವಾರ್ತೆಯ ಧಾಟಿಯಲ್ಲಿ ಓದಿ ಅರ್ಧ ದೇಶವನ್ನು ಹೆದರಿಸಿದ್ದು, ಅದರ ಮೇಲೆ ಸಿನಿಮಾ ಮಾಡುತ್ತಾರಂತೆ. ಥಿಯೇಟರಿಗಲ್ಲ, ಟೀವಿಗೆ. ಐವತ್ತೇಳರಲ್ಲಿ ಒಂದು ಆಗಿತ್ತು, ಈಗ ಇನ್ನೊಂದು. ಮಿಸ್ ಫೆನ್ವಿಕ್ ಎಂಬ ಹುಡುಗಿ ಟೇಪ್ ರೆಕಾರ್ಡರ್ ಹಿಡಿದು ಮನೆಮನೆ ತಿರುಗಿದಳು. ಪರ್ರೀನ್ ಹೋಬರ್ಟ್ ಗೊತ್ತಲ್ಲ, ಪಶುಆಹಾರದ ಅಂಗಡಿಯಲ್ಲಿ ಒಲೆಯ ಪಕ್ಕದ ಕುರ್ಚಿ ಬಿಟ್ಟು ಏಳದವನು. ಅವನು ಅವಳಿಗೆ ಎಲ್ಲ ಹೇಳಿದ್ದಾನೆ. ಆಲ್ಮಾ ಉದ್ದ ಗಂಟೆ ಹೊಡೆದದ್ದನ್ನೂ ಸೇರಿಸಿ.

ಆ ಹುಡುಗಿಗೆ ಬೇಕಾಗಿರುವುದು ಅದೇ. ಗಾಬರಿಯಲ್ಲಿ ಟೆಲಿಫೋನಿನ ಹಿಡಿ ತಿರುಗಿಸಿ ಊರನ್ನೆಲ್ಲ ಬೀದಿಗೆ ಎಳೆದ ಹೆಂಗಸು. ನಿಜವಾದ ಹೆಸರೇ ಇಡುತ್ತಾರಂತೆ. ಅದಕ್ಕೆ ಗಂಡನ ಸಹಿ ಬೇಕು, ಒಡಹುಟ್ಟಿದವರಲ್ಲಿ ಉಳಿದವಳು ನೀನೊಬ್ಬಳಾದ್ದರಿಂದ ನಿನ್ನದೂ ಬೇಕು. ಕಾಗದ ಇದರೊಳಗೆ ಇಟ್ಟಿದ್ದೇನೆ. ಊರಿನವರಿಗೆ ಬಹಳ ಉತ್ಸಾಹ. ನನಗೆ ಹೇಗಾದರೂ ಸರಿ. ಎರಡರಲ್ಲಿ ಒಂದು ಮಾಡಿ ಮುಗಿಸಿದರೆ ಆ ಹುಡುಗಿ ಫೋನ್ ಮಾಡುವುದು ನಿಲ್ಲುತ್ತದೆ.

ನಿನ್ನ ಭಾವ,
ಓರಿನ್


ಆಸ್ಟೋರಿಯಾ, ಒರೆಗಾನ್
22 ಮಾರ್ಚ್ 1975

ಓರಿನ್ ಭಾವನವರಿಗೆ,

ಸಹಿ ಹಾಕಿಲ್ಲ. ಕಾಗದವನ್ನು ಒಲೆಗೂ ಹಾಕಿಲ್ಲ, ಅಷ್ಟಕ್ಕೆ ಸಮಾಧಾನಪಟ್ಟುಕೊಳ್ಳಿ.

“ನನಗೆ ಹೇಗಾದರೂ ಸರಿ” ಎಂದು ನಿಮ್ಮ ಕೈಯಾರೆ ಬರೆದಿದ್ದೀರಿ. ಅವಳನ್ನು ಮಣ್ಣು ಮಾಡಿ ಇನ್ನೂ ಎರಡು ವರ್ಷವಾಗಿಲ್ಲ. ಊರಿನ ಮಕ್ಕಳು ಅವಳ ಬೆನ್ನ ಹಿಂದೆ ಬಾಯಲ್ಲೇ ಗಂಟೆ ಹೊಡೆಯುತ್ತಾ ಓಡುತ್ತಿದ್ದದ್ದನ್ನು ಊರಿಗೆ ಬಂದಾಗಲೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಆ ಮಕ್ಕಳಿಗೆ ಮಕ್ಕಳಾದ ಮೇಲೆ ಅವೂ ಅದನ್ನೇ ಮಾಡಿದವು. ಈಗ ದೇಶಕ್ಕೆಲ್ಲ ತೋರಿಸಿ ನಗಿಸಬೇಕೇ?

ನಿಮ್ಮ ಹೋಬರ್ಟನಿಗೆ ಟೀವಿಯಲ್ಲಿ ಬರುವ ಆಸೆಯಿದ್ದರೆ ಅವನು ಹೊತ್ತುಕೊಂಡು ಓಡಿದ ಬಂದೂಕಿನ ಕಥೆ ಹೇಳಲಿ. ಆಲ್ಮಾ ಯಾಕೆ ಗಂಟೆ ಹೊಡೆದಳು ಎಂಬುದು ಅವನಿಗೆ ಗೊತ್ತಿಲ್ಲದಿರಬಹುದು. ನಿಮಗೆ ಗೊತ್ತಲ್ಲ? ಗೊತ್ತಿದ್ದೂ ಹೀಗೆ ಬರೆಯಲು ಮನಸ್ಸಾದರೂ ಹೇಗೆ ಬಂತು ಭಾವ?

ಲೆಟ್ಟಿ


ಡೋರ್ಲಂಡ್ಸ್ ಕಾರ್ನರ್
6 ಏಪ್ರಿಲ್ 1975

ಪ್ರಿಯ ಲೆಟ್ಟಿ,

ಬೈದದ್ದು ಬೈದೆ, ಇರಲಿ. ನಾನು ಹಾಗೆ ಬರೆದದ್ದು ಬೇಸರದಲ್ಲಿ. ಈಚೆಗೆ ಎಲ್ಲವನ್ನೂ ಬೇಸರದಲ್ಲೇ ಬರೆಯುತ್ತೇನೆ, ಬೀಜದ ಕಂಪನಿಗೆ ಬರೆಯುವುದನ್ನೂ.

ಆದರೆ ನಿನ್ನ ಕೊನೆಯ ಪ್ರಶ್ನೆಯನ್ನು ಮೂರು ನಾಲ್ಕು ಸಲ ಓದಿದೆ. ನನಗೆ ಗೊತ್ತಿರುವುದು ಊರಿಗೆ ಗೊತ್ತಿರುವಷ್ಟೇ. ಅವಳು ಹೆದರಿದಳು, ಗಂಟೆ ಹೊಡೆದಳು. ಹೆದರುವುದು ಯಾವ ದೊಡ್ಡ ತಪ್ಪು? ಆ ಸಂಜೆ ಹೆದರದೆ ಇದ್ದವರು ಯಾರು?

ನಮ್ಮ ಕಡೆಯ ಪದ್ಧತಿ ನಿನಗೆ ಮರೆತಿರಬಹುದು, ಚಿಕ್ಕವಳಿದ್ದಾಗಲೇ ಊರು ಬಿಟ್ಟೆ. ಊರಿಗೆಲ್ಲ ಒಂದೇ ಟೆಲಿಫೋನ್ ತಂತಿ. ಮನೆಗೊಂದು ಗಂಟೆಯ ಗುರುತು, ನಮ್ಮದು ಎರಡು ಗಿಡ್ಡ, ಒಂದು ಉದ್ದ. ನಿಲ್ಲಿಸದೆ ಹಿಡಿ ತಿರುಗಿಸಿದರೆ ಅದು ಎಲ್ಲರಿಗೂ, ಅದೇ ಉದ್ದ ಗಂಟೆ. ಅದರ ಅರ್ಥ ಬೆಂಕಿ. ಹೆಂಗಸರು ಫೋನ್ ಎತ್ತಬೇಕು. ಗಂಡಸರು ಮಾತು ಕೇಳುತ್ತ ನಿಲ್ಲಬಾರದು, ಬಕೆಟ್ ಹಿಡಿದು ನಾಲ್ಕು ದಾರಿ ಸೇರುವಲ್ಲಿಗೆ ಓಡಬೇಕು, ಅಲ್ಲಿ ನೀರಿನ ಪೀಪಾಯಿಯ ಲಾರಿ ನಿಂತಿರುತ್ತದೆ. ಕಣಜ ಒಂದು ಸುಟ್ಟು ಹೋದ ಮೇಲೆ ನಮ್ಮ ತಂದೆಯವರ ಕಾಲದಲ್ಲಿ ಮಾಡಿದ ಕಟ್ಟುಪಾಡು.

ಆ ಭಾನುವಾರ ಸಂಜೆ ನಾನು ಆಚೆ ಹೊಲದ ಆಲೂಗಡ್ಡೆ ನೆಲಮಾಳಿಗೆಯಲ್ಲಿದ್ದೆ. ಇಬ್ಬನಿ ಹೆಪ್ಪುಗಟ್ಟುವ ಹಾಗಿತ್ತು, ಗಾಳಿಕಿಂಡಿಗೆ ಹುಲ್ಲು ತುರುಕುತ್ತಿದ್ದೆ. ಲಾರಿ ಬಂದು ನಿಂತಿತು. ಹೋಬರ್ಟ್ ಮೇಲಿನಿಂದ ಕೂಗಿದ, “ಹತ್ತೋ ಓರಿನ್, ಉದ್ದ ಗಂಟೆ ಆಗಿದೆ!”

“ಯಾರ ಮನೇನೋ?”

“ನಿನ್ ಹೆಂಡ್ತೀನೇ ಕಣೋ ಹೊಡ್ದಿದ್ದು! ನಮ್ಮವ್ವ ದನಿ ಗುರ್ತು ಹಿಡಿದ್ಳು. ಬೆಂಕಿ ಅಲ್ವಂತೆ, ರೇಡಿಯೋದಲ್ಲಿ ಬರ್ತಿದೆ, ಮಂಗಳದೋರು ಇಳ್ದವ್ರೆ!”

ಪೀಪಾಯಿಯ ಪಕ್ಕ ನಾಲ್ಕೈದು ಜನ ಬಂದೂಕು ಹಿಡಿದು ಕೂತಿದ್ದರು. ನಾನೂ ಹತ್ತಿದೆ. ನಮ್ಮ ಮನೆಯ ಮುಂದೆಯೇ ಹಾದು ಹೋದೆವು. ಮನೆ ನೆಟ್ಟಗಿತ್ತು, ಹೊಗೆಯಿಲ್ಲ, ಅಡುಗೆಮನೆಯಲ್ಲಿ ದೀಪ. ಆಲ್ಮಾ ಕಿಟಕಿಯ ಹತ್ತಿರ ನಿಂತು ಕೈ ಎತ್ತಿದಳು. ಹೋಗಿ, ಹೋಗಿ, ನಮ್ಮನ್ನು ಕಾಪಾಡಿ ಎನ್ನುತ್ತಿದ್ದಾಳೆ ಎಂದುಕೊಂಡೆ. ನಾನೂ ಕೈ ಎತ್ತಿದೆ. ಲಾರಿ ನಿಲ್ಲಲಿಲ್ಲ.

ಮುಂದಿನದು ನಿನಗೆ ಗೊತ್ತು. ಈಬನ್ ಗುಲಿಕ್ ತನ್ನ ಹೊಲದಲ್ಲಿ ಉದ್ದ ಕಾಲಿನ ಮೇಲೆ ನಿಂತು ನೀರೆತ್ತುವ ಗಾಳಿಪಂಪನ್ನೇ ಮಂಗಳದವನು ಎಂದು ತಿಳಿದು ಗುಂಡು ಹಾರಿಸಿ ತೂತು ಮಾಡಿದ. ಬೆಳಗಾದ ಮೇಲೆ ಎಲ್ಲರೂ ಒಂದೇ ಮಾತು, “ನಮ್ಮದೇನಯ್ಯ ತಪ್ಪು? ಗಂಟೆ ಆಯ್ತು, ಹೋದ್ವಿ. ಕಟ್ಟುಪಾಡು!”

ಮನೆಗೆ ಬಂದಾಗ ಅವಳು ಮೇಜಿನ ಮುಂದೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ನಾನು ಏನೂ ಕೇಳಲಿಲ್ಲ. ಕೇಳಿದರೆ ನಾಚಿಕೆಪಡುತ್ತಾಳೆ ಎಂದು. ಆಮೇಲೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಯಾರೂ ಎತ್ತದ ಹಾಗೆ ನೋಡಿಕೊಂಡೆ. ಐವತ್ತೇಳರಲ್ಲಿ ಟೀವಿಯಲ್ಲಿ ಆ ನಾಟಕ ಬಂದಾಗ ನಡುವೆಯೇ ಎದ್ದು ಆರಿಸಿಬಿಟ್ಟೆ. ಅವಳು “ಇರ್ಲಿ ಬಿಡಿ” ಎಂದಳು, ನನ್ನ ಮರ್ಯಾದೆಗೆ ಹಾಗೆನ್ನುತ್ತಾಳೆ ಎಂದುಕೊಂಡೆ. ಅಷ್ಟನ್ನಾದರೂ ಅವಳಿಗೆ ಮಾಡಿದ್ದೇನೆ ಲೆಟ್ಟಿ. ನನ್ನನ್ನು ಕಟುಕನಂತೆ ನೋಡಬೇಡ.

ಇನ್ನೇನು ಗೊತ್ತಿರಬೇಕಿತ್ತು ನನಗೆ? ಬರೆ.

ಓರಿನ್


ಆಸ್ಟೋರಿಯಾ
30 ಮೇ 1975

ಭಾವ,

ಇಷ್ಟು ದಿನ ಬರೆಯಲಿಲ್ಲ. ಕಾಯಿಲೆಯಲ್ಲ. ನಿಮಗೆ ಗೊತ್ತಿಲ್ಲ ಎಂಬುದನ್ನು ನಂಬುವುದಕ್ಕೇ ಸಮಯ ಹಿಡಿಯಿತು. ಮೊದಲು ಸುಳ್ಳು ಹೇಳುತ್ತಿದ್ದೀರಿ ಎಂದುಕೊಂಡೆ. ಆಮೇಲೆ ಆ ಕಿಟಕಿಯ ವಿಷಯ ಓದಿದೆ. ಸುಳ್ಳು ಹೇಳುವವರು ತಾವು ಕೈ ಎತ್ತಿದ್ದನ್ನು ಬರೆಯುವುದಿಲ್ಲ.

ಅಮ್ಮ ತೀರಿಕೊಂಡ ವರ್ಷ ನಾನು ಊರಿಗೆ ಬಂದಿದ್ದೆನಲ್ಲ, ಬಂದವರೆಲ್ಲ ಹೋದ ಮೇಲೆ ನಾವಿಬ್ಬರೂ ಪಾತ್ರೆ ತೊಳೆಯುತ್ತ ನಿಂತಿದ್ದೆವು. ನಾನು ರೇಗಿಸಿದೆ, “ಏನೇ ಅಕ್ಕ, ಈಗ್ಲೂ ಆಕಾಶ ನೋಡ್ತೀಯಾ?” ಎಂದು. ಅವಳು ನಗಲಿಲ್ಲ. ತಟ್ಟೆ ಒರೆಸುತ್ತಲೇ ಹೇಳಿದಳು.

ಅವಳು ಆ ನಾಟಕವನ್ನು ಮೊದಲಿನಿಂದ ಕೇಳಿದ್ದಳು ಭಾವ. ಊರಿನವರೆಲ್ಲ ಇನ್ನೊಂದು ಸ್ಟೇಷನ್ನಿನಲ್ಲಿ ಗೊಂಬೆ ಮಾತಾಡಿಸುವವನ ತಮಾಷೆ ಕೇಳುತ್ತಿದ್ದರು, ಅಲ್ಲಿ ಹಾಡು ಶುರುವಾದಾಗ ಇತ್ತ ತಿರುಗಿಸಿ ನಡುವಿನಿಂದ ಕೇಳಿ ಕೆಟ್ಟರು. ಆಲ್ಮಾ ಮಾತ್ರ ಶುರುವಿನಲ್ಲಿ “ಇದು ನಾಟಕ” ಎಂದು ಹೇಳಿದ್ದನ್ನೂ ಕೇಳಿದ್ದಳು. ಕೂತು ಕಾಲುಚೀಲ ಹೆಣೆಯುತ್ತಿದ್ದಳಂತೆ. ಪಕ್ಕದ ಮನೆಯಲ್ಲಿ ಕೂಗಾಟ, ಮಕ್ಕಳ ಅಳು. ಹೊರಗೆ ಬಂದರೆ ಈಬನ್ ಗುಲಿಕ್ ಬಂದೂಕಿಗೆ ತೋಟಾ ತುಂಬುತ್ತಿದ್ದಾನೆ. ಜನ ಒಬ್ಬರಿಗೊಬ್ಬರು ಗುಂಡು ಹೊಡೆದುಕೊಂಡು ಸಾಯುತ್ತಾರೆ ಎಂದು ಇವಳು ಒಳಗೆ ಓಡಿದಳು. ಎಲ್ಲರಿಗೂ ಒಂದೇ ಸಲ ಹೇಳುವುದಕ್ಕೆ ದಾರಿ ಒಂದೇ ಇತ್ತು. ಉದ್ದ ಗಂಟೆ. ಅದು ನಾಟಕ, ಯಾರೂ ಎಲ್ಲಿಗೂ ಹೋಗಬೇಡಿ ಎಂದು ಹೇಳುವುದಕ್ಕೆ ಅವಳು ಗಂಟೆ ಹೊಡೆದದ್ದು. ನಿಮ್ಮ ಕಟ್ಟುಪಾಡು ನೋಡಿ, ಗಂಡಸರು ಮಾತು ಕೇಳುವ ಮೊದಲೇ ಹೊರಟಾಗಿತ್ತು.

“ಭಾವಂಗೆ ಯಾಕೆ ಹೇಳ್ಲಿಲ್ಲ?” ಎಂದೆ. “ಅವ್ರು ಕೇಳ್ಲಿಲ್ಲ ಕಣೆ. ಊರಿನೋರಿಗೆ ಒಂದು ನೆಪ ಬೇಕಿತ್ತು, ತಗೊಂಡ್ರು. ಇವ್ರಾದ್ರೂ ಕೇಳ್ತಾರೇನೋ ಅಂತಿದ್ದೆ. ನಾಚಿಕೆ ಆಗಿರ್ಬೇಕು ಅವ್ರಿಗೆ” ಎಂದಳು. ನಿಮಗೆ ನಾಚಿಕೆ ಎಂದು ಅವಳು, ಅವಳಿಗೆ ನಾಚಿಕೆ ಎಂದು ನೀವು. ಚೆನ್ನಾಗಿದೆ ಸಂಸಾರ.

ಐವತ್ತೇಳರ ಆ ಟೀವಿ ನಾಟಕ ಮುಗಿಯುವ ತನಕ ನೋಡಬೇಕೆಂದು ಅವಳಿಗಿತ್ತು. ಆ ವಾರ ನನಗೆ ಫೋನ್ ಮಾಡಿ ಕೇಳಿದ್ದಳು, “ಅದ್ರಲ್ಲಿ ಫೋನ್ ಮಾಡಿ ಎಲ್ಲರ್ಗೂ ಸಮಾಧಾನ ಹೇಳೋಳು ಯಾರಾದ್ರೂ ಬಂದ್ಳಾ, ನೀನು ಪೂರ್ತಿ ನೋಡಿದ್ಯಾ?” ಎಂದು. ಬರಲಿಲ್ಲ ಎಂದೆ.

ಇದನ್ನು ಬರೆಯಬಾರದಿತ್ತೇನೋ. ಬರೆದಿದ್ದೇನೆ.

ಲೆಟ್ಟಿ


ಡೋರ್ಲಂಡ್ಸ್ ಕಾರ್ನರ್
15 ಜೂನ್ 1975

ಪ್ರಿಯ ಲೆಟ್ಟಿ,

ನಿನ್ನ ಪತ್ರ ಬಂತು. ಆಲೂಗಡ್ಡೆ ಹೂ ಬಿಟ್ಟಿದೆ. ಆಮೇಲೆ ಬರೆಯುತ್ತೇನೆ.

ಓರಿನ್


ಡೋರ್ಲಂಡ್ಸ್ ಕಾರ್ನರ್
20 ಆಗಸ್ಟ್ 1975

ಪ್ರಿಯ ಲೆಟ್ಟಿ,

ಬೇಸಿಗೆ ಹೇಗೆ ಕಳೆಯಿತೋ ಗೊತ್ತಿಲ್ಲ. ಹಗಲು ಹೊಲ, ಸಂಜೆ ಕುರ್ಚಿ. ಅಡುಗೆಮನೆಯ ಗೋಡೆಯಲ್ಲಿ ಹಳೆಯ ಫೋನ್ ಇದ್ದ ಜಾಗದಲ್ಲಿ ಬಣ್ಣ ಬೇರೆ ಇದೆ, ನಾಲ್ಕು ಮೊಳೆಯ ತೂತು. ಊಟಕ್ಕೆ ಅದರ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ. ಈಗ ಕುರ್ಚಿ ತಿರುಗಿಸಿದ್ದೇನೆ. ತಿರುಗಿಸಿ ಏನು ಬಂತು ಎಂದರೆ, ಏನಿಲ್ಲ.

ಟೀವಿಯವರಿಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ಬಹಳ ವರ್ಷದ ಮೇಲೆ ಕಾಲೇಜಿನ ಇಂಗ್ಲಿಷನ್ನೆಲ್ಲ ತಡಕಾಡಿ ಬರೆದ ಪತ್ರ. ‘ನೆವರ್‌ದಿಲೆಸ್’ ಎಂದು ಎರಡು ಕಡೆ ಹಾಕಿದ್ದೆ, ಪ್ರೊಫೆಸರಿಗೆ ಅದು ಇಷ್ಟವಾಗುತ್ತಿತ್ತು. ನನ್ನ ಹೆಂಡತಿಯನ್ನು ತೋರಿಸುವುದಾದರೆ ಹೀಗೆ ತೋರಿಸಿ ಎಂದೆ. ಅವಳೊಬ್ಬಳು ತಿಳಿದು ಮಾಡಿದಳು, ಅದನ್ನು ತೋರಿಸಿ.

ಮಿಸ್ ಫೆನ್ವಿಕ್ ಫೋನ್ ಮಾಡಿದಳು. ಒಳ್ಳೆಯ ಹುಡುಗಿ, ದನಿ ಸೋತಿತ್ತು. “ವೂರ್ಹೀಸ್ ಅವ್ರೇ, ನಾನು ಓದಿ ಅತ್ತೆ. ಡೈರೆಕ್ಟ್ರಿಗೂ ಹೇಳ್ದೆ. ಅವ್ರಂತಾರೆ, ಜನ ಹೆದರೋ ಕಥೇಲಿ ಹೆದರ್ದೇ ಇರೋಳ್ನ ಇಟ್ಕೊಂಡು ಏನ್ ಮಾಡ್ಲಿ ಅಂತ. ಕಿರುಚಿದ್ರೆ ಸೀನ್ ಇದೆ. ಇಲ್ದಿದ್ರೆ ಇಲ್ಲ.”

“ಹಾಗಾದ್ರೆ ಇಲ್ಲ ಅಂತ ಬರ್ಕೊಳಮ್ಮ” ಎಂದೆ.

ಊರಿಗೆ ಗೊತ್ತಾಯಿತು. ಸಿನಿಮಾದಲ್ಲಿ ನಮ್ಮೂರಿನದು ಅಂತ ಇದ್ದದ್ದು ಅದೊಂದೇ ದೃಶ್ಯ. ಹೋಬರ್ಟ್ ಅಂಗಡಿಯಲ್ಲಿ ನನ್ನ ಕಡೆ ನೋಡುವುದಿಲ್ಲ. ನನಗೆ ಕೇಳುವ ಹಾಗೆ ಬೇರೆಯವರಿಗೆ ಹೇಳುತ್ತಾನೆ, “ಹೆಂಡ್ತಿ ಇದ್ದಾಗ ಊರಿಗೆ ಊರ್ನೇ ಎಬ್ಬಿಸಿದ್ಳು, ಗಂಡ ಈಗ ಮಲಗ್ಸಿಬಿಟ್ಟ ನೋಡ್ರಪ್ಪ.” ಎಲ್ಲರೂ ನಗುತ್ತಾರೆ. ಬಾಯಿಗೆ ಬಂತು, ಆದರೆ ಹೇಳಲಿಲ್ಲ. ಸಾಕ್ಷಿ ಯಾರು? ತಟ್ಟೆ ಒರೆಸುತ್ತಾ ಕೇಳಿಸಿಕೊಂಡವಳು ಮೂರು ಸಾವಿರ ಮೈಲಿ ಆಚೆ ಇದ್ದಾಳೆ.

ನೀನು ಸಹಿ ಹಾಕದ ಕಾಗದ ಇನ್ನು ಬೇಡ.

ಓರಿನ್


ಆಸ್ಟೋರಿಯಾ
3 ಸೆಪ್ಟೆಂಬರ್ 1975

ಭಾವ,

ನೀವು ಮಾಡಿದ್ದು ಸರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಪತ್ರ ಮಡಿಚಿಟ್ಟ ಮೇಲೆ ಒಂದು ಯೋಚನೆ ಬಂದು ಕೂತಿದೆ, ಹೋಗುತ್ತಿಲ್ಲ. ಕಿರುಚುವವಳಾಗಿಯೂ ಇಲ್ಲ, ಹೇಳುವವಳಾಗಿಯೂ ಇಲ್ಲ. ಈಗ ಅವಳು ಎಲ್ಲಿಯೂ ಇಲ್ಲ.

ನನಗೂ ಸುಸ್ತಾಗಿದೆ, ನಿಮ್ಮ ಮೇಲೆ ಸಿಟ್ಟು ಮಾಡಿ ಮಾಡಿ. ಒಂದು ಕೆಲಸ ಮಾಡಿ. ಸಿನಿಮಾ ಬಂದ ದಿನ ಪೂರ್ತಿ ನೋಡಿ. ಜಾಹೀರಾತು ಬಂದಾಗಲೂ ಏಳಬೇಡಿ. ಅವಳು ನೋಡಬೇಕೆಂದಿದ್ದಳು.

ಲೆಟ್ಟಿ


ಡೋರ್ಲಂಡ್ಸ್ ಕಾರ್ನರ್
1 ನವೆಂಬರ್ 1975

ಪ್ರಿಯ ಲೆಟ್ಟಿ,

ನಿನ್ನೆ ಬಂತು. ಪೂರ್ತಿ ನೋಡಿದೆ. ಏಳಲಿಲ್ಲ.

ಅಗ್ನಿಶಾಮಕದವರ ಕಟ್ಟಡದಲ್ಲಿ ದೊಡ್ಡ ಬಣ್ಣದ ಟೀವಿ ಇಟ್ಟಿದ್ದರು. ಊರೆಲ್ಲ ಅಲ್ಲೇ. ಹ್ಯಾಲೋವೀನ್ ಆದ್ದರಿಂದ ಮಕ್ಕಳು ದೆವ್ವದ ವೇಷದಲ್ಲಿ ಮಿಠಾಯಿ ತಿನ್ನುತ್ತ ನೆಲದ ಮೇಲೆ ಕೂತಿದ್ದವು. ಸೇಬಿನ ರಸ, ಡೋನಟ್. ನಾನು ಹಿಂದಿನ ಸಾಲಿನಲ್ಲಿ ಕೂತೆ. ನನ್ನ ಪಕ್ಕ ಮಿನ್ನಾ ಗುಲಿಕ್, ಗಾಳಿಪಂಪಿಗೆ ಗುಂಡು ಹೊಡೆದ ಈಬನ್ನನ ಹೆಂಡತಿ. ಅವನು ಈ ಬೇಸಿಗೆಯಲ್ಲಿ ತೀರಿಕೊಂಡ, ನಿನಗೆ ಬರೆಯಲು ಮರೆತಿದ್ದೆ. ಅವಳು ತಲೆ ಎತ್ತದೆ ಹೆಣೆಯುತ್ತಿದ್ದಳು.

ಸಿನಿಮಾ ಚೆನ್ನಾಗಿಯೇ ಇತ್ತು. ಅದರಲ್ಲಿ ಸ್ಟುಡಿಯೋ ಇತ್ತು, ಓಡುವ ಜನ ಇದ್ದರು, ಅಳುವವರು, ಪ್ರಾರ್ಥನೆ ಮಾಡುವವರು. ಎಲ್ಲರ ತಲೆಗೂದಲು ಈಗಿನ ಕಾಲದ್ದು. ಹೊಲಗಳು ನಮ್ಮ ಹೊಲದ ಹಾಗಿರಲಿಲ್ಲ, ಹಿಂದೆ ಗುಡ್ಡ ಕಾಣುತ್ತಿತ್ತು. ನಮ್ಮೂರು ಬರಲಿಲ್ಲ. ಮುಗಿದು ಹೆಸರುಗಳು ಮೇಲೇರುವಾಗ ಹೋಬರ್ಟ್ ಕುರ್ಚಿಯಲ್ಲೇ ತಿರುಗಿದ.

“ನೋಡಿದ್ರಾ? ನಮ್ದು ಒಂದು ಚೂರೂ ಇಲ್ಲ. ಆಲ್ಮಾ ಒಂದ್ಸಲ ಕಿರ್ಚೋಕೆ ಬಿಟ್ಟಿದ್ರೆ ಏನ್ ಗಂಟು ಹೋಗ್ತಿತ್ತೋ ಓರಿನ್? ಇದ್ದಾಗ ಕಿರ್ಚಿರ್ಲಿಲ್ವಾ?”

ನಾನು ಎದ್ದೆ. ಎದ್ದದ್ದು ಮನೆಗೆ ಹೋಗಲೆಂದು. ಆದರೆ ಎದ್ದ ಮೇಲೆ ಎಲ್ಲರೂ ನೋಡುತ್ತಿದ್ದರು, ಹೇಳಿಬಿಟ್ಟೆ. “ಅವಳು ಕಿರುಚಲಿಲ್ಲ ಹೋಬರ್ಟ್. ನಾಟಕ ಅಂತ ಹೇಳಕ್ಕೆ ಗಂಟೆ ಹೊಡೆದ್ಳು. ನಾವು ಕೇಳಲಿಲ್ಲ” ಎಂದೆ. ಇಷ್ಟೇ. ಪ್ರೊಫೆಸರು ಮೆಚ್ಚುತ್ತಿದ್ದರು, ಮುಖ್ಯ ವಿಷಯ ಬಿಟ್ಟು ಬೇರೆ ಇರಲಿಲ್ಲ.

ಹೋಬರ್ಟ್ ಮೂಗು ಉಜ್ಜಿಕೊಂಡ. “ಹೋದೋರ ಬಗ್ಗೆ ಈಗ ಯಾರ್ ಏನ್ ಬೇಕಾದ್ರೂ ಹೇಳ್ಬೋದು ಮಾರಾಯ. ಕೇಳಿದೋರು ಯಾರಿದಾರೆ?”

“ನಾನಿದೀನಿ” ಎಂದಳು ಮಿನ್ನಾ. ಕಡ್ಡಿಗಳನ್ನು ಮಡಿಲಲ್ಲಿಟ್ಟಳು. “ನಾನು ಫೋನ್ ಎತ್ತಿದ್ದೆ. ಕಡೇ ತನ್ಕ ಕೇಳ್ದೆ. ‘ನಾನು ಆಲ್ಮಾ ವೂರ್ಹೀಸ್. ರೇಡಿಯೋದಲ್ಲಿ ಬರ್ತಿರೋದು ನಾಟಕ. ಯಾರೂ ಎಲ್ಲಿಗೂ ಹೋಗ್ಬೇಡಿ, ಬಂದೂಕು ಇಳ್ಸಿ, ಮಕ್ಕಳನ್ನ ಮಲಗ್ಸಿ’ ಅಂದ್ಳು. ಎರಡೆರಡು ಸಲ ಅಂದ್ಳು. ನಾನು ಮಕ್ಕಳನ್ನ ಮಲಗ್ಸಿದೆ.”

“ಮತ್ತೆ ಇಷ್ಟು ವರ್ಷ?” ಎಂದ ಹೋಬರ್ಟ್.

“ಈಬನ್ ಪಂಪಿಗೆ ಗುಂಡು ಹೊಡ್ಕೊಂಡು ಬಂದಿದ್ದ. ಊರು ಅವನ್ನ ನೋಡಿ ನಗ್ಬೇಕಿತ್ತು. ಆಲ್ಮಾನ ನೋಡಿ ನಕ್ಕಿತು. ನಾನು ಬಾಯಿ ಬಿಟ್ಟಿದ್ರೆ ನನ್ ಗಂಡ ತಲೆ ಎತ್ಕೊಂಡು ಓಡಾಡ್ತಿರ್ಲಿಲ್ಲ. ಆಲ್ಮಂಗೂ ಗೊತ್ತಿತ್ತು ಅದು. ಬೇಲಿ ಹತ್ರ ಸಿಕ್ಕಾಗ್ಲೆಲ್ಲ ಟೊಮೇಟೊ ಕೊಡೋಳು, ಆ ಮಾತು ಮಾತ್ರ ಎತ್ತೋಳಲ್ಲ. ಈಗ ಅವ್ನೂ ಇಲ್ಲ. ನಿಮ್ಮವ್ವಾನೂ ಕೇಳಿದ್ಳು ಹೋಬರ್ಟ್, ‘ರೇಡಿಯೋದಲ್ಲಿ ಬರ್ತಿರೋದು’ ಅನ್ನೋಷ್ಟ್ರಲ್ಲೇ ಫೋನ್ ಇಟ್ಬಿಟ್ಳು. ಟಕ್ ಅಂದಿದ್ದು ನಂಗೆ ಕೇಳ್ಸ್ತು.”

ಹೋಬರ್ಟ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಯಾರೋ ಟೀವಿ ಆರಿಸಿದರು. ಮಕ್ಕಳಿಗೆ ಏನೂ ಅರ್ಥವಾಗದೆ ಒಂದು ದೆವ್ವ ನನ್ನ ಮುಖವನ್ನೇ ನೋಡುತ್ತಿತ್ತು.

ಮಿನ್ನಾಳನ್ನು ಅವಳ ಬಾಗಿಲ ತನಕ ಬಿಡಲು ಹೋದೆ, ದಾರಿ ಒಂದೇ ಅಲ್ಲವೇ. ಅವಳು ಮೆಟ್ಟಿಲ ಮೇಲೆ ನಿಂತು, “ಇನ್ನೊಂದಿತ್ತು ಓರಿನ್. ಅಲ್ಲಿ ಎಲ್ಲರೆದುರು ಹೇಳ್ಲಿಲ್ಲ, ಅದು ನಿಂದು” ಎಂದಳು.

“ಏನದು?”

“ಎಲ್ಲ ಹೇಳಾದ ಮೇಲೆ ಆಲ್ಮಾ ಅಂದ್ಳು, ‘ಓರಿನ್ ಅಲ್ಲೆಲ್ಲಾದ್ರೂ ಕಂಡ್ರೆ ಯಾರಾದ್ರೂ ಹೇಳಿ, ಕೋಳಿ ಪೈ ಒಲೆ ಮೇಲಿನ ಗೂಡಲ್ಲಿ ಇಟ್ಟಿದೀನಿ, ಆರೋಗತ್ತೆ, ಮನೆಗೆ ಬರ್ಲಿ’ ಅಂತ. ನಂಗೆ ನೀನು ಮಾರನೇ ದಿನ ಸಿಕ್ಕೆ. ಹೇಳಕ್ಕೆ ಹೋದ್ರೆ ಮಿಕ್ಕಿದ್ದೂ ಹೇಳ್ಬೇಕಾಗ್ತಿತ್ತು.”

ಈಗ ಹೇಳಿದೆಯಲ್ಲ ಎಂದೆ. ಅವಳು ಒಳಗೆ ಹೋದಳು.

ನಡೆದುಕೊಂಡು ಬಂದೆ. ಮಂಡಿಗೆ ಆಗುವುದಿಲ್ಲ, ಆದರೂ ಬಂದೆ. ಹೊರಡುವಾಗ ಅಡುಗೆಮನೆಯ ದೀಪ ಆರಿಸಲು ಮರೆತಿದ್ದೆ, ರಸ್ತೆಗೆ ಕಿಟಕಿ ಕಾಣುತ್ತಿತ್ತು. ಅಂದು ಲಾರಿ ಹಾದುಹೋದ ಜಾಗದಲ್ಲೇ ಸ್ವಲ್ಪ ಹೊತ್ತು ನಿಂತೆ. ಈ ಸಲ ಮುಂದೆ ಹೋಗಲಿಲ್ಲ. ಮನೆಗೆ ಬಂದೆ.

ನಿನ್ನ ಭಾವ,
ಓರಿನ್